ಗಾಡಿಯನ್ನು ನಡೆಸುವ ಗಾಲಿ: ಮುಂದಿನದೊ, ಹಿಂದಿನದೊ?

ಮಳೆಗಾಲದ ಒಂದು ಸಂಜೆ. ಉಸಿರಾಟದ ತೊಂದರೆಯಿಂದ ಬಳಲುತ್ತಿದ್ದ ನಮ್ಮ ದೊಡ್ಡಪ್ಪನವರನ್ನು ಬಾಡಿಗೆಯ ಗಾಡಿಯೊಂದರಲ್ಲಿ ಕುಳ್ಳಿರಿಸಿಕೊಂಡು, ಮುಂಡರಗಿಯಿಂದ ಗದುಗಿನ ಆಸ್ಪತ್ರೆಗೆ ಹೊರಟಿದ್ದೆವು. ಡಂಬಳವನ್ನು ದಾಟಿದ ಮೇಲೆ, ಮೇವನ್ನು ಅಗಲವಾಗಿ ಹೇರಿಕೊಂಡ ಟ್ರ್ಯಾಕ್ಟರೊಂದು ಎದುರಿಗೆ ಬಂದಿತು. ನಮ್ಮ ಚಾಲಕನು ಅದಕ್ಕೆ ದಾರಿ ಬಿಡಲೆಂದು ಡಾಂಬರಿನ ಅಂಚನ್ನು ಬಿಟ್ಟು ಎಡಕ್ಕೆ ಸರಿದನು. ಗಾಡಿ ಪೂರ್ತಿಯಾಗಿ ತೊಯ್ದ ಎರೆಮಣ್ಣಿನ ಮೇಲೆ ನಿಂತಿತು. ಟ್ರ್ಯಾಕ್ಟರು ಹೋಯಿತು, ಆದರೆ ನಮ್ಮ ಗಾಡಿ ಮಾತ್ರ ಕದಲಲೊಲ್ಲದು. ಚಾಲಕನು ಗಾಬರಿಯಿಂದ ಎಂಜಿನಿನ ವೇಗವನ್ನು ಹೆಚ್ಚಿಸಿದನು. ಹಿಂದಿನ ಗಾಲಿಗಳು ಇದ್ದಲ್ಲಿಯೇ ಗರಗರನೆ ಸುತ್ತಿ ಕೆಸರನ್ನು ಹಿಂದಕ್ಕೆ ಎರಚಿದುವು.

ಭಾರ ಕಡಮೆಯಾದರೆ ಗಾಡಿ ಹಗುರಾಗಿ ಮುಂದೆ ಸಾಗುವುದೆಂದು ಬಗೆದು, ದೊಡ್ಡಪ್ಪನವರನ್ನು ಮುಂದಿನ ಆಸನದಲ್ಲಿಯೇ ಬಿಟ್ಟು, ಹಿಂದೆ ಕುಳಿತವರೆಲ್ಲ ಕೆಳಗಿಳಿದೆವು. ಫಲ ತಿರುಗುಮುರುಗಾಯಿತು, ಗಾಲಿಗಳು ಮೊದಲಿಗಿಂತಲೂ ಸುಲಭವಾಗಿ ಸುತ್ತತೊಡಗಿದುವು. ಕತ್ತಲೆ ಕವಿಯುತ್ತಿದ್ದಿತು, ದೊಡ್ಡಪ್ಪನವರ ಉಸಿರಾಟ ಭಾರವಾಗುತ್ತಿದ್ದಿತು. ಅಷ್ಟರಲ್ಲಿ ಹೊಲದಿಂದ ಮನೆಗೆ ಮರಳುತ್ತಿದ್ದ ವೃದ್ಧ ರೈತರೊಬ್ಬರು ನಿಂತು ನೋಡಿ, ‘ಎಲ್ಲಾರೂ ಯಾಕ ಕೆಳಗ ನಿಂತೀರಿ? ಹಿಂದ ಹತ್ತಿ ಕೂಡ್ರಿ. ತಮ್ಮಾ, ನೀ ಗಾಡಿನ ಸಾವಕಾಶ ಬಿಡು’ ಎಂದರು. ಅವರು ಹೇಳಿದಂತೆ ಗಾಲಿಗಳ ಹಿಂದೆ ಮುಂದೆ ನಾಲ್ಕು ಕಲ್ಲು, ಒಂದಿಷ್ಟು ಕಟ್ಟಿಗೆ ಹಾಕಿ, ಎಲ್ಲರೂ ಹಿಂದಿನ ಭಾಗದಲ್ಲಿ ಒತ್ತಾಗಿ ಕುಳಿತೆವು. ಚಾಲಕನು ಎರಡನೆಯ ಗೇರಿನಲ್ಲಿ ಮೆಲ್ಲನೆ ಕ್ಲಚ್ಚು ಬಿಟ್ಟನು. ಗಾಡಿ ಒಮ್ಮೆ ಜಗ್ಗಿದಂತಾಗಿ ಡಾಂಬರನ್ನು ಏರಿತು.

ತರಗತಿಯಲ್ಲಿ ವರ್ಷ ವರ್ಷವೂ ಘರ್ಷಣೆಯ ನಿಯಮಗಳನ್ನು ಬೋಧಿಸುವ ನಾವೇ ಎಲ್ಲರಿಗಿಂತ ಮೊದಲು ಕೆಳಗಿಳಿದಿದ್ದೆವು! ಎತ್ತಿನ ಬಂಡಿಗೆ ಮುಂಭಾರ ಹಿಂಭಾರ ನೋಡಿ ಹೇರಿಕೊಂಡು ಬಾಳಿದ ಆ ಹಿರಿಯರಿಗೆ ಗೊತ್ತಿದ್ದ ಸಂಗತಿ ನಮಗೆ ಹೊಳೆದಿರಲಿಲ್ಲ. ನಮ್ಮ ಗಾಡಿ ಮುಂದಿನ ಗಾಲಿಗಳಿಂದ ನಡೆಯುವಂಥದಾಗಿದ್ದರೆ ಕೆಳಗೆ ಇಳಿದುದೇ ಸರಿಯಾಗುತ್ತಿದ್ದಿತು. ಹಾಗಾದರೆ ಈ ಎರಡು ಬಗೆಯ ಗಾಡಿಗಳಿಗೆ ಇರುವ ಭೇದವೇನು? ದಿನನಿತ್ಯ ಕಾರು ನಡೆಸುವವರಿಗೆ ಇವುಗಳಲ್ಲಿ ಯಾವುದು ಮೇಲು? ಇದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ಬಗೆಯ ಚಾಲನೆ

ಕಾರಿಗೆ ಗಾಲಿಗಳು ನಾಲ್ಕಾದರೂ ಎಂಜಿನಿನ ಶಕ್ತಿ ಸಾಮಾನ್ಯವಾಗಿ ಎರಡು ಗಾಲಿಗಳಿಗೆ ಮಾತ್ರ ಮುಟ್ಟುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಶಕ್ತಿ ಮುಂದಿನ ಗಾಲಿಗಳಿಗೆ ಹೋದರೆ ಅದನ್ನು ಮುಂಚಾಲನೆ ಎಂದೂ, ಹಿಂದಿನ ಗಾಲಿಗಳಿಗೆ ಹೋದರೆ ಹಿಂಚಾಲನೆ ಎಂದೂ ಕರೆಯೋಣ. ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಡುವ ಗಾಡಿಗಳೂ ಉಂಟು. ಅವುಗಳ ಬೆಲೆ ಹೆಚ್ಚು, ಇಂಧನದ ಖರ್ಚೂ ಹೆಚ್ಚು. ಆದುದರಿಂದ ಅವುಗಳನ್ನು ಇಲ್ಲಿ ಬದಿಗಿಡೋಣ.

ಹಿಂಚಾಲನೆಯ ಕಾರಿನಲ್ಲಿ ಎಂಜಿನು ಸಾಮಾನ್ಯವಾಗಿ ಮುಂದೆ, ಉದ್ದಕ್ಕೆ ಕೂತಿರುತ್ತದೆ. ಅದರ ಹಿಂದೆ ಗೇರುಪೆಟ್ಟಿಗೆ. ಅಲ್ಲಿಂದ ಒಂದು ಉದ್ದನೆಯ ಉಕ್ಕಿನ ದಂಡ ಕಾರಿನ ಹೊಟ್ಟೆಯ ಕೆಳಗೆ ಹಾಯ್ದು ಹಿಂದಿನ ಅಚ್ಚನ್ನು ಸೇರುತ್ತದೆ. ಅಚ್ಚಿನ ನಡುವೆ ಕಾಣುವ ದುಂಡನೆಯ ಉಬ್ಬಿನೊಳಗೆ ಹಲ್ಲುಗಾಲಿಗಳಿದ್ದು, ದಂಡದ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸಿ ಗಾಲಿಗಳಿಗೆ ಒಪ್ಪಿಸುತ್ತವೆ. ಮುಂಚಾಲನೆಯ ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನು ಅಡ್ಡಲಾಗಿ ಕೂತಿರುತ್ತದೆ. ಗೇರುಪೆಟ್ಟಿಗೆ ಅದರ ಪಕ್ಕದಲ್ಲಿಯೇ. ಉದ್ದನೆಯ ದಂಡ ಬೇಕಾಗಿಲ್ಲ. ಆದುದರಿಂದ ತೂಕ ಉಳಿಯುತ್ತದೆ. ಕಾರಿನ ನಡುವೆ ದಂಡಕ್ಕಾಗಿ ನೆಲವನ್ನು ಉಬ್ಬಿಸುವ ಕಾರಣವಿಲ್ಲದೆ ಕುಳಿತವರ ಕಾಲಿಗೆ ಸ್ಥಳ ದೊರೆಯುತ್ತದೆ. ತಿರುಗಾಟವನ್ನು ಅಡ್ಡಕ್ಕೆ ಹೊರಳಿಸುವಾಗ ವ್ಯರ್ಥವಾಗುವ ಶಕ್ತಿಯೂ ಉಳಿಯುತ್ತದೆ.

ಇಷ್ಟು ಅನುಕೂಲಗಳಿದ್ದರೂ ಮುಂಚಾಲನೆ ಬಹುಕಾಲ ಹಿಂದೆಯೇ ಉಳಿದುದೇಕೆ? ವಿಚಿತ್ರವೆಂದರೆ, ಫ್ರಾನ್ಸಿನಲ್ಲಿ ಕುನ್ಯೋ ಎಂಬ ಸೈನಿಕ ಎಂಜಿನಿಯರನು 1769-70ರ ಸುಮಾರಿಗೆ ನಿರ್ಮಿಸಿದ ಮೂರು ಗಾಲಿಗಳ ಉಗಿಬಂಡಿಯಲ್ಲಿ ಶಕ್ತಿ ಮುಂದಿನ ಒಂಟಿ ಗಾಲಿಗೇ ಹೋಗುತ್ತಿದ್ದಿತು. ಆದರೆ ಮುಂದಿನ ಗಾಲಿಗಳು ಎಡಕ್ಕೂ ಬಲಕ್ಕೂ ಹೊರಳಬೇಕು. ಹೊರಳುವ ಗಾಲಿಗೆ ಶಕ್ತಿ ಮುಟ್ಟಿಸುವ ಕೀಲು ಸಾಮಾನ್ಯದ್ದಾದರೆ, ಗಾಲಿ ಹೊರಳಿದಾಗ ಅದರ ತಿರುಗಾಟ ಒಂದೇ ಸಮನಾಗಿರದೆ ಸುತ್ತಿನಲ್ಲಿ ಎರಡು ಸಲ ವೇಗವಾಗಿಯೂ ಎರಡು ಸಲ ನಿಧಾನವಾಗಿಯೂ ಆಗುತ್ತದೆ, ಕಾರು ಅದುರುತ್ತದೆ. ಯಾವ ಕೋನದಲ್ಲಿಯೂ ಸಮವೇಗವನ್ನು ಕಾಯ್ದುಕೊಳ್ಳುವ ಗುಂಡುಗಳ ಕೀಲನ್ನು ಆಲ್ಫ್ರೆಡ್ ಜೆಪ್ಪಾ ಎಂಬಾತನು 1920ರ ದಶಕದಲ್ಲಿ ರೂಪಿಸಿದನು. ಫ್ರಾನ್ಸಿನ ಸಿತ್ರೊಯೆನ್ ಕಂಪನಿ 1934ರಲ್ಲಿ ಮುಂಚಾಲನೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದಿತು. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರನು ಎಂಜಿನನ್ನು ಅಡ್ಡಲಾಗಿ ಕೂಡ್ರಿಸಿ, ಹತ್ತು ಅಡಿ ಉದ್ದದೊಳಗೆ ನಾಲ್ವರು ಕುಳಿತುಕೊಳ್ಳಬಲ್ಲ ‘ಮಿನಿ’ ಕಾರನ್ನು ರಚಿಸಿದನು. ಇಂದಿನ ಸಣ್ಣ ಕಾರುಗಳಲ್ಲಿ ಬಹುತೇಕ ಆ ಮಾದರಿಯ ಸಂತಾನವೇ.

ನಮ್ಮ ನಾಡಿನಲ್ಲಿ ಬಹುಕಾಲ ಓಡಾಡಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳೆರಡೂ ಹಿಂಚಾಲನೆಯವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಮುಂಚಾಲನೆಯನ್ನು ಸಾಮಾನ್ಯ ಜನರ ಮನೆಯಂಗಳಕ್ಕೆ ತಂದಿತು. ಇಂದು ಗದಗ-ಬೆಟಗೇರಿಯ ಪೇಟೆಯಲ್ಲಿ ಕಾಣುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಚಾಲನೆಯವು. ಆದರೆ ಹಳ್ಳಿಯ ದಾರಿಗಳಲ್ಲಿ ಜನರನ್ನು ತುಂಬಿಕೊಂಡು ಓಡುವ ಬೊಲೆರೊ, 1984ರಿಂದ 2019ರವರೆಗೆ ತಯಾರಾದ ಓಮ್ನಿ, ಸಾಮಾನು ಸಾಗಿಸುವ ಟಾಟಾ ಏಸ್, ಸಾರಿಗೆ ಸಂಸ್ಥೆಯ ಬಸ್ಸು, ಲಾರಿ, ಆಟೋರಿಕ್ಷಾ ಇವೆಲ್ಲ ಹಿಂಚಾಲನೆಯವು. ಹೀಗೆ ಹಂಚಿಕೆಯಾಗಿರುವುದಕ್ಕೆ ಕಾರಣವುಂಟು.

ನೆಲದ ಹಿಡಿತ

ಎಂಜಿನು ಗಾಲಿಯನ್ನು ತಿರುಗಿಸಬಲ್ಲದೇ ಹೊರತು ಗಾಡಿಯನ್ನು ಮುಂದೆ ತಳ್ಳಲಾರದು. ಗಾಡಿಯನ್ನು ತಳ್ಳುವುದು ನೆಲ! ಗಾಲಿಯು ನೆಲವನ್ನು ಹಿಂದಕ್ಕೆ ಒತ್ತುತ್ತದೆ; ನ್ಯೂಟನ್ನನ ಮೂರನೆಯ ನಿಯಮದಂತೆ ನೆಲ ಗಾಲಿಯನ್ನು ಮುಂದಕ್ಕೆ ಒತ್ತುತ್ತದೆ. ಈ ಒತ್ತು ಘರ್ಷಣೆಯಿಂದ ಬರುತ್ತದೆ. ಘರ್ಷಣೆಗೆ ಒಂದು ಮೇರೆಯಿದೆ. ಗಾಲಿಯ ಮೇಲಿನ ಭಾರವನ್ನು ಘರ್ಷಣ ಗುಣಾಂಕದಿಂದ ಗುಣಿಸಿದರೆ ಆ ಮೇರೆ ದೊರೆಯುತ್ತದೆ. ಅದನ್ನು ಮೀರಿ ಎಂಜಿನು ಗಾಲಿಯನ್ನು ತಿರುಗಿಸಹೋದರೆ ಗಾಲಿ ಜಾರುತ್ತದೆ. ಒಮ್ಮೆ ಜಾರತೊಡಗಿದರೆ ಹಿಡಿತ ಇನ್ನೂ ಕುಗ್ಗುತ್ತದೆ. ಏಕೆಂದರೆ ಜಾರುವ ವಸ್ತುವಿನ ಘರ್ಷಣೆ ನಿಂತ ವಸ್ತುವಿನದಕ್ಕಿಂತ ಸಾಮಾನ್ಯವಾಗಿ ಕಡಮೆ.

ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಗುಣಾಂಕ ಸುಮಾರು 0.7 ಅಥವಾ ಅದಕ್ಕೂ ಹೆಚ್ಚು. ತೊಯ್ದ ಎರೆಮಣ್ಣಿನ ಮೇಲೆ ಅದು ಬಹಳ ಕೆಳಗಿಳಿಯುತ್ತದೆ. ನಮ್ಮ ಭಾಗದ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಮುಂತಾದ, ನೀರನ್ನು ಹೀರಿ ಉಬ್ಬುವ ಜೇಡಿಯ ಖನಿಜಗಳು ಹೇರಳವಾಗಿವೆ. ಅವುಗಳ ಕಣಗಳು ತೆಳುವಾದ ಹಾಳೆಗಳಂತಿದ್ದು, ನಡುವೆ ನೀರು ಸೇರಿದಾಗ ಒಂದರ ಮೇಲೊಂದು ಜಾರುತ್ತವೆ. ಮೇಲಾಗಿ ಆ ಮಣ್ಣು ಟೈರಿಗೆ ಅಂಟಿಕೊಂಡು ಅದರ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ಹೊಸ ಟೈರು ಕೂಡ ಕ್ಷಣದಲ್ಲಿ ಸವೆದ ಟೈರಿನಂತೆ ನುಣುಪಾಗುತ್ತದೆ. ಕಪ್ಪತಗುಡ್ಡದ ಮಗ್ಗುಲಿನ ಕೆಂಪು ಗರಸು ನೆಲದಲ್ಲಿ ಹೀಗಾಗುವುದಿಲ್ಲ. ಅಲ್ಲಿ ನೀರು ಬೇಗ ಬಸಿದುಹೋಗುತ್ತದೆ.

ಹೀಗಿರಲು ಮುಖ್ಯ ಪ್ರಶ್ನೆ ಒಂದೇ: ಎಂಜಿನು ತಿರುಗಿಸುವ ಆ ಎರಡು ಗಾಲಿಗಳ ಮೇಲೆ ಎಷ್ಟು ಭಾರವಿದೆ?

ಎರಡು ಕಾರುಗಳ ಲೆಕ್ಕ

ಉದಾಹರಣೆಗಾಗಿ, ಚಾಲಕನೊಬ್ಬನೇ ಕುಳಿತಾಗ ತಲಾ 1000 ಕಿಲೋಗ್ರಾಂ ತೂಗುವ ಎರಡು ಕಾರುಗಳನ್ನು ಕಲ್ಪಿಸೋಣ. ಮುಂಚಾಲನೆಯ ಕಾರಿನಲ್ಲಿ ಎಂಜಿನು, ಗೇರುಪೆಟ್ಟಿಗೆ ಎಲ್ಲವೂ ಮುಂದೆಯೇ ಇರುವುದರಿಂದ ಮುಂದಿನ ಗಾಲಿಗಳ ಮೇಲೆ 600, ಹಿಂದಿನವುಗಳ ಮೇಲೆ 400 ಕಿಲೋಗ್ರಾಂ ಭಾರವಿರಲಿ. ಹಿಂಚಾಲನೆಯ ಕಾರಿನಲ್ಲಿ ಮುಂದೆ 520, ಹಿಂದೆ 480 ಇರಲಿ. ತೊಯ್ದ ಎರೆಮಣ್ಣಿನ ಗುಣಾಂಕ 0.2 ಎಂದೂ, ಕೆಸರು ಗಾಲಿಗಳನ್ನು ಉರುಳಗೊಡದೆ ತಡೆಯುವ ಬಲ ಗಾಡಿಯ ಒಟ್ಟು ಭಾರದ ಹತ್ತನೆಯ ಒಂದು ಪಾಲು ಎಂದೂ ಹಿಡಿಯೋಣ.

ಚಾಲಕನೊಬ್ಬನೇ ಇರುವಾಗ ತಡೆ 100 ಕಿಲೋಗ್ರಾಂ ಭಾರದಷ್ಟು. ಮುಂಚಾಲನೆಯ ಕಾರಿಗೆ ದೊರೆಯುವ ಗರಿಷ್ಠ ಹಿಡಿತ 600ರ 0.2 ಪಾಲು, ಎಂದರೆ 120. ಆದುದರಿಂದ ಅದು ಹೊರಡುತ್ತದೆ. ಹಿಂಚಾಲನೆಯದಕ್ಕೆ 480ರ 0.2 ಪಾಲು, ಎಂದರೆ 96, ಅದು ಸಿಕ್ಕಿಬೀಳುತ್ತದೆ.

ಈಗ ಎರಡೂ ಕಾರುಗಳ ಹಿಂದಿನ ಭಾಗದಲ್ಲಿ ಜನ ಮತ್ತು ಸಾಮಾನು ಸೇರಿ 250 ಕಿಲೋಗ್ರಾಂ ಹೇರೋಣ. ಲೆಕ್ಕದ ಸರಳತೆಗಾಗಿ ಅದೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಬಿದ್ದಿತೆಂದು ಭಾವಿಸೋಣ. ಒಟ್ಟು ಭಾರ 1250, ತಡೆ 125. ಮುಂಚಾಲನೆಯ ಕಾರಿನ ಮುಂದಿನ ಗಾಲಿಗಳ ಮೇಲೆ ಮೊದಲಿದ್ದ 600 ಹಾಗೆಯೇ ಉಳಿದಿದೆ. ಹಿಡಿತ ಅದೇ 120. ತಡೆ ಮಾತ್ರ ಬೆಳೆದಿದೆ, ಕಾರು ನಿಲ್ಲುತ್ತದೆ. ಹಿಂಚಾಲನೆಯ ಕಾರಿನ ಹಿಂದಿನ ಗಾಲಿಗಳ ಮೇಲೆ ಈಗ 730, ಹಿಡಿತ 146. ಅದು ಹೊರಡುತ್ತದೆ. ಫಲ ಪೂರ್ತಿಯಾಗಿ ಅದಲುಬದಲಾಯಿತು!

ಆ ಸಂಜೆಯ ಒಗಟು ಈಗ ಬಿಡಿಸಿತು. ಮೊದಲು ಗಾಡಿ ತುಂಬಿದ್ದರೂ ಚಾಲಕನು ಅವಸರದಿಂದ ಗಾಲಿಗಳನ್ನು ಜಾರಿಸಿದನು. ಜಾರುವಾಗಿನ ಗುಣಾಂಕ 0.15ಕ್ಕೆ ಇಳಿಯಿತೆಂದುಕೊಂಡರೆ, 730 ಕಿಲೋಗ್ರಾಮಿಗೂ ದೊರೆಯುವ ಹಿಡಿತ ಸುಮಾರು 110 ಮಾತ್ರ, ತಡೆಯಾದರೋ 125. ಅನಂತರ ನಾವು ಇಳಿದು ಹಿಂದಿನ ಭಾರವನ್ನೂ ಕಳೆದೆವು. ಆ ಹಿರಿಯರು ಕಳೆದ ಭಾರವನ್ನು ಮರಳಿ ಸ್ವಸ್ಥಾನದಲ್ಲಿ ಇರಿಸಿದರು, ಗಾಲಿ ಜಾರದಂತೆ ಮೆಲ್ಲನೆ ಹೊರಡಿಸಿದರು. ಎರಡನೆಯ ಗೇರಿನಲ್ಲಿ ಗಾಲಿಗೆ ದೊರೆಯುವ ತಿರುಗುಬಲ ಮೊದಲನೆಯದಕ್ಕಿಂತ ಕಡಮೆ. ಆದುದರಿಂದ ಘರ್ಷಣೆಯ ಮೇರೆಯನ್ನು ದಾಟುವ ಭಯವೂ ಕಡಮೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು. ಕೆಸರು ಬಹಳ ಆಳವಾಗಿದ್ದರೆ ಭಾರ ಹೆಚ್ಚಿದಷ್ಟೂ ಗಾಲಿ ಹೂತುಹೋಗುತ್ತದೆ. ಅಲ್ಲಿ ಈ ಉಪಾಯ ನಡೆಯದು. ಎರಡನೆಯದು, ಯಾವ ಚಾಲನೆಯಾದರೂ ಸಾಮಾನ್ಯ ಕಾರಿನ ಅಚ್ಚಿನಲ್ಲಿರುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಎಡಬಲ ಗಾಲಿಗಳಿಗೆ ಸಮನಾದ ತಿರುಗುಬಲವನ್ನೇ ಹಂಚುತ್ತದೆ. ಒಂದು ಗಾಲಿ ಕೆಸರಿನಲ್ಲಿ ಸುತ್ತತೊಡಗಿದರೆ ಡಾಂಬರಿನ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಹೀಗಾಗಿ ದುರ್ಬಲವಾದ ಗಾಲಿಯೇ ಇಡೀ ಗಾಡಿಯ ಭಾಗ್ಯವನ್ನು ನಿರ್ಣಯಿಸುತ್ತದೆ.

ಏರಿನಲ್ಲಿ

ಕಬ್ಬು ಹೇರಿದ ಟ್ರಾಲಿಯನ್ನು ಎಳೆಯುವ ಟ್ರ್ಯಾಕ್ಟರು ಏರು ಹತ್ತುವಾಗ ಅದರ ಮುಂದಿನ ಗಾಲಿಗಳು ಒಮ್ಮೊಮ್ಮೆ ನೆಲವನ್ನು ಬಿಟ್ಟು ಮೇಲೇಳುವುದನ್ನು ವಾಚಕರು ನೋಡಿರಬಹುದು. ಏರಿನಲ್ಲಿ ಗಾಡಿಯ ಭಾರ ಹಿಂದಿನ ಗಾಲಿಗಳ ಕಡೆಗೆ ಸರಿಯುತ್ತದೆ, ಮುಂದಿನವು ಹಗುರಾಗುತ್ತವೆ. ವೇಗವನ್ನು ಹೆಚ್ಚಿಸುವಾಗಲೂ ಹೀಗೆಯೇ. ಎಷ್ಟು ಸರಿಯುತ್ತದೆಂಬುದು ಗುರುತ್ವ ಕೇಂದ್ರದ ಎತ್ತರಕ್ಕೂ ಎರಡು ಅಚ್ಚುಗಳ ನಡುವಣ ಅಂತರಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ.

ನಮ್ಮ ಕಾರುಗಳಲ್ಲಿ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರು ಎತ್ತರದಲ್ಲಿಯೂ, ಅಚ್ಚುಗಳ ಅಂತರ 240 ಸೆಂಟಿಮೀಟರೂ ಇರಲಿ. ಪ್ರಮಾಣ ನಾಲ್ಕರಲ್ಲಿ ಒಂದು. ಹತ್ತು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ 1250 ಕಿಲೋಗ್ರಾಮಿನ ಗಾಡಿಯನ್ನು ಕೆಳಗೆಳೆಯುವ ಬಲ 125. ಅದರ ನಾಲ್ಕನೆಯ ಒಂದು ಪಾಲು, ಎಂದರೆ ಸುಮಾರು 31 ಕಿಲೋಗ್ರಾಂ ಭಾರ, ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ತುಂಬಿದ ಮುಂಚಾಲನೆಯ ಕಾರಿನ ಮುಂದಿನ ಗಾಲಿಗಳಲ್ಲಿ ಉಳಿಯುವುದು 569. ಹಿಂಚಾಲನೆಯದರ ಹಿಂದಿನ ಗಾಲಿಗಳ ಮೇಲೆ 761.

ದಾರಿ ಒಣ ಡಾಂಬರಿನದಾದರೆ ಇಬ್ಬರಿಗೂ ಚಿಂತೆಯಿಲ್ಲ, 569ರ 0.7 ಪಾಲು ಎಂದರೆ ಸುಮಾರು 398, ಬೇಕಾದ ಬಲಕ್ಕಿಂತ ಬಹಳ ಹೆಚ್ಚು. ಆದರೆ ಕಪ್ಪತಗುಡ್ಡದ ಆಸುಪಾಸಿನ ಕಚ್ಚಾ ಹಾದಿಗಳಂತೆ ಸಡಿಲವಾದ ಗರಸು ಹರಡಿ ಮಳೆಯಲ್ಲಿ ತೊಯ್ದಿದ್ದು, ಗುಣಾಂಕ 0.3ಕ್ಕೆ ಇಳಿದಿದ್ದರೆ ಏನಾದೀತು? ಏರಿನ 125ರ ಜೊತೆಗೆ ಗರಸಿನ ತಡೆ 50 ಎಂದು ಸೇರಿಸಿದರೆ ಬೇಕಾದ ಬಲ 175. ಹಿಂಚಾಲನೆಯ ಕಾರಿಗೆ 228 ದೊರೆಯುತ್ತದೆ. ಮುಂಚಾಲನೆಯ ಕಾರಿಗೆ 171 ಮಾತ್ರ. ಸ್ವಲ್ಪದರಲ್ಲಿಯೇ ಅದು ಸೋಲುತ್ತದೆ.

ಮುಂಚಾಲನೆಯ ಕಾರಿನವರು ಇಂಥ ಏರನ್ನು ಹಿಮ್ಮುಖವಾಗಿ ಹತ್ತಿಸುವುದುಂಟು. ಇದು ತಮಾಷೆಯಲ್ಲ. ಹಿಮ್ಮುಖವಾಗಿ ಏರುವಾಗ ಶಕ್ತಿ ಪಡೆಯುವ ಗಾಲಿಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ. ಸರಿದ 31 ಕಿಲೋಗ್ರಾಂ ಈಗ ಅವುಗಳ ಮೇಲೆಯೇ ಬೀಳುತ್ತದೆ. ಭಾರ 631, ಹಿಡಿತ 189, ಗಾಡಿ ಏರುತ್ತದೆ. ಹಿಂದೆ ದಾರಿ ಕಾಣುವಂತಿದ್ದು, ಬೇರೆ ವಾಹನಗಳಿಲ್ಲದ ಗಿಡ್ಡ ಏರಿನಲ್ಲಿ ಮಾತ್ರ ಇದನ್ನು ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಿರುವಿನಲ್ಲಿ

ಟೈರಿಗೆ ನೆಲದ ಮೇಲಿರುವ ಹಿಡಿತ ಒಂದು ಗಂಟಿನಲ್ಲಿ ಕಟ್ಟಿಟ್ಟ ಹಣದಂತೆ. ಮುಂದೆ ತಳ್ಳುವುದಕ್ಕೂ ಪಕ್ಕಕ್ಕೆ ಹೊರಳಿಸುವುದಕ್ಕೂ ಅದೇ ಗಂಟಿನಿಂದ ಖರ್ಚಾಗಬೇಕು. ಆದರೆ ಲೆಕ್ಕ ಸಾದಾ ವ್ಯವಕಲನದ್ದಲ್ಲ, ಲಂಬಕೋನ ತ್ರಿಭುಜದ್ದು. ಒಟ್ಟು ಹಿಡಿತ 5 ಇದ್ದು, ಮುಂದೆ ತಳ್ಳಲು 3 ಬಳಕೆಯಾದರೆ ಪಕ್ಕದ ಹಿಡಿತಕ್ಕೆ 4 ಉಳಿಯುತ್ತದೆ. 4 ಬಳಕೆಯಾದರೆ 3 ಉಳಿಯುತ್ತದೆ. 5 ಪೂರ್ತಿ ಬಳಕೆಯಾದರೆ ಪಕ್ಕಕ್ಕೆ ಏನೂ ಉಳಿಯದು.

ಮುಂಚಾಲನೆಯ ಕಾರಿನಲ್ಲಿ ಎಳೆಯುವ ಕೆಲಸವೂ ಹೊರಳಿಸುವ ಕೆಲಸವೂ ಮುಂದಿನ ಗಾಲಿಗಳ ಪಾಲಿಗೇ ಬಂದಿವೆ. ತಿರುವಿನಲ್ಲಿ ವೇಗ ಹೆಚ್ಚಿಸಿದರೆ ಅವುಗಳ ಗಂಟು ಬರಿದಾಗಿ ಕಾರಿನ ಮೂತಿ ತಿರುವಿನ ಹೊರಬದಿಗೆ ಸರಿಯುತ್ತದೆ. ಸ್ಟೀಯರಿಂಗ್ ಹೊರಳಿಸಿದಷ್ಟು ಕಾರು ಹೊರಳುವುದಿಲ್ಲ. ಹಿಂಚಾಲನೆಯ ಕಾರಿನಲ್ಲಿ ಗಂಟು ಬರಿದಾಗುವುದು ಹಿಂದಿನ ಗಾಲಿಗಳದು. ಆಗ ಕಾರಿನ ಹಿಂಭಾಗ ಹೊರಕ್ಕೆ ಬೀಸಿ, ಕಾರು ಬುಗುರಿಯಂತೆ ತಿರುಗಲು ನೋಡುತ್ತದೆ.

ಮೊದಲನೆಯ ಅಪಾಯಕ್ಕೆ ಪರಿಹಾರ ಸುಲಭ: ಕಾಲನ್ನು ಮೆಲ್ಲನೆ ಸಡಿಲಿಸಬೇಕು. ಹೆದರಿದ ಮನುಷ್ಯ ಸ್ವಭಾವತಃ ಮಾಡುವುದೂ ಬಹುಮಟ್ಟಿಗೆ ಅದನ್ನೇ. ಎರಡನೆಯದಕ್ಕೆ ಕಾಲನ್ನು ಮೆಲ್ಲನೆ ಸಡಿಲಿಸುವುದರ ಜೊತೆಗೆ, ಹಿಂಭಾಗ ಯಾವ ಕಡೆಗೆ ಜಾರುತ್ತದೆಯೋ ಆ ಕಡೆಗೇ ಸ್ಟೀಯರಿಂಗನ್ನು ತಿರುಗಿಸಬೇಕು. ಇದು ಅಭ್ಯಾಸವಿಲ್ಲದವರಿಗೆ ಒಡನೆ ಹೊಳೆಯುವ ಮಾತಲ್ಲ. ಆದುದರಿಂದ ಹೊಸದಾಗಿ ಕಾರು ಕಲಿಯುವವರಿಗೆ ಮುಂಚಾಲನೆ ಹೆಚ್ಚು ಕ್ಷಮಾಗುಣವುಳ್ಳದ್ದು. ಆದರೆ ಅದಕ್ಕೂ ಒಂದು ಮೇರೆಯುಂಟು. ತಿರುವಿನ ನಡುವೆ ತಟ್ಟನೆ ಕಾಲು ತೆಗೆದು ಬ್ರೇಕನ್ನು ಬಲವಾಗಿ ಒತ್ತಿದರೆ ಭಾರ ಮುಂದಕ್ಕೆ ಸರಿದು, ಹಗುರಾದ ಹಿಂಭಾಗ ಮುಂಚಾಲನೆಯ ಕಾರಿನಲ್ಲಿಯೂ ಬೀಸೀತು. ತಿರುವಿಗೆ ಮೊದಲೇ ವೇಗ ತಗ್ಗಿಸುವುದು ಎರಡಕ್ಕೂ ಸಮಾನವಾದ ನಿಯಮ.

ಎತ್ತು ಬಂಡಿಯನ್ನು ಮುಂದಿನಿಂದ ಎಳೆಯುವುದರಿಂದ ಬಂಡಿ ಹಾದಿ ತಪ್ಪದು, ಮುಂಚಾಲನೆಯೂ ಹಾಗೆಯೇ ಎಂದು ಕೆಲವರು ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ಗಾಲಿಗಳು ಹೊರಳಿದ ದಿಕ್ಕಿನಲ್ಲಿಯೇ ಎಳೆತ ಇರುವುದರಿಂದ, ಹೊಂಡದಿಂದ ಹೊರಬರುವಾಗ ಅದು ನೆರವಾಗುವುದು ನಿಜ. ಆದರೆ ಹಿಡಿತವೇ ತೀರಿದ ಮೇಲೆ ಎಳೆದರೂ ಒಂದೇ, ತಳ್ಳಿದರೂ ಒಂದೇ.

ನಿಲ್ಲಿಸುವಾಗ

ಇದುವರೆಗೆ ಹೊರಡುವ, ಏರುವ, ಹೊರಳುವ ಮಾತಾಯಿತು. ಪ್ರಾಣರಕ್ಷಣೆಗೆ ಎಲ್ಲಕ್ಕಿಂತ ಮುಖ್ಯವಾದುದು ನಿಲ್ಲುವುದು. ಇಲ್ಲಿ ಮುಂಚಾಲನೆ ಹಿಂಚಾಲನೆಗಳ ಜಗಳವೇ ಇಲ್ಲ. ಓಡಿಸುವ ಗಾಲಿಗಳು ಎರಡು. ನಿಲ್ಲಿಸುವ ಗಾಲಿಗಳು ನಾಲ್ಕು. ಬ್ರೇಕು ನಾಲ್ಕಕ್ಕೂ ಇದೆ.

ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬರುವುದಕ್ಕೆ ಒಂದು ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 17 ಮೀಟರು ಮುಗಿಯಿತು. ಅನಂತರ ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ 20 ಮೀಟರು ಬೇಕು; ಒಟ್ಟು 37. ಗುಣಾಂಕ ಅರ್ಧಕ್ಕೆ, ಎಂದರೆ 0.35ಕ್ಕೆ ಇಳಿದರೆ ಆ 20 ಮೀಟರು 40 ಆಗುತ್ತದೆ, ಒಟ್ಟು 57. ವೇಗ 80 ಕಿಲೋಮೀಟರಾದರೆ ಒಣ ದಾರಿಯಲ್ಲಿ ಒಟ್ಟು 58, ಜಾರುವ ದಾರಿಯಲ್ಲಿ 94 ಮೀಟರು. ವೇಗದ ವರ್ಗಕ್ಕೆ ಅನುಗುಣವಾಗಿ ಬ್ರೇಕಿನ ದೂರ ಬೆಳೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಗುಣಾಂಕ ಇಳಿಯುವುದಕ್ಕೆ ಮಳೆಯೇ ಬರಬೇಕೆಂದಿಲ್ಲ. ಸುಗ್ಗಿಯ ಕಾಲದಲ್ಲಿ ಹೆಸರು, ಜೋಳ, ಕಡಲೆಗಳನ್ನು ಒಕ್ಕುವುದಕ್ಕೆಂದು ದಾರಿಯ ಮೇಲೆ ಹರಡುವ ವಾಡಿಕೆ ನಮ್ಮ ಭಾಗದಲ್ಲಿದೆ. ಟೈರಿನ ಕೆಳಗೆ ಸಿಕ್ಕ ದುಂಡನೆಯ ಕಾಳು ಯಂತ್ರದೊಳಗಿನ ಗುಂಡಿನಂತೆ ಉರುಳುತ್ತದೆ. ಒಣ ಬಿಸಿಲಿನಲ್ಲಿಯೂ ಅಲ್ಲಿ ಹಿಡಿತವಿಲ್ಲ. ಹರವಿದ ರಾಶಿಯನ್ನು ಕಂಡರೆ ದೂರದಿಂದಲೇ ವೇಗ ತಗ್ಗಿಸಿ, ಅದರ ಮೇಲಿರುವಾಗ ಬ್ರೇಕನ್ನೂ ಸ್ಟೀಯರಿಂಗನ್ನೂ ಜರ್ರನೆ ಬಳಸದೆ ದಾಟಬೇಕು. ‘ನನ್ನದು ಮುಂಚಾಲನೆಯ ಕಾರು, ಜಾರುವುದಿಲ್ಲ’ ಎಂಬ ಧೈರ್ಯದಿಂದ ಅದೆಷ್ಟು ಸುಲಭವಾಗಿ ಕೆಸರಿನಲ್ಲಿ ಹೊರಡಬಹುದೋ, ಅಷ್ಟೇ ಸುಲಭವಾಗಿ ನಿಲ್ಲಬಹುದೆಂದು ತಿಳಿಯುವುದು ದೊಡ್ಡ ಭ್ರಮೆ.

ಯಾರಿಗೆ ಯಾವುದು?

ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೊ ಶಿರಹಟ್ಟಿಗೊ ದಿನವೂ ಒಬ್ಬರೇ ಅಥವಾ ಇಬ್ಬರು ಡಾಂಬರಿನ ಮೇಲೆ ಹೋಗಿಬರುವ ಶಿಕ್ಷಕರಿಗೆ, ನೌಕರರಿಗೆ, ಸಣ್ಣ ಸಂಸಾರದವರಿಗೆ ಮುಂಚಾಲನೆಯ ಕಾರೇ ಯೋಗ್ಯವಾದುದು. ಅದು ಹಗುರ, ಒಳಗೆ ವಿಶಾಲ, ಇಂಧನಕ್ಕೆ ಮಿತ, ಹೊಸಬರಿಗೆ ಸೌಮ್ಯ. ಖಾಲಿಯಾಗಿರುವಾಗ ಕೆಸರಿನ ಅಂಚಿನಿಂದ ಹೊರಬರುವುದರಲ್ಲಿಯೂ ಮುಂದು. ಆದರೆ ಅದರ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಆದುದರಿಂದ ಟೈರುಗಳ ಸ್ಥಾನವನ್ನು ಕಾಲಕಾಲಕ್ಕೆ ಬದಲಿಸಬೇಕು. ಗಾಲಿಯ ಬಳಿಯ ಕೀಲನ್ನು ಮುಚ್ಚಿರುವ ರಬ್ಬರಿನ ಚೀಲ ಹರಿದಿದೆಯೇ ಎಂದು ನೋಡಿಕೊಳ್ಳಬೇಕು. ಹರಿದ ಚೀಲದೊಳಗೆ ಧೂಳು ಹೊಕ್ಕರೆ ಕೀಲು ಕೆಡುತ್ತದೆ. ತಿರುವಿನಲ್ಲಿ ‘ಕಟಕಟ’ ಸದ್ದು ಅದರ ಮುನ್ಸೂಚನೆ.

ಏಳೆಂಟು ಜನರ ಕೂಡು ಕುಟುಂಬ, ಮೆಣಸಿನಕಾಯಿ ಉಳ್ಳಾಗಡ್ಡಿಗಳ ಚೀಲಗಳನ್ನು ಹಿಂದೆ ಹೇರಿಕೊಂಡು ಮಾರುಕಟ್ಟೆಗೆ ಬರುವ ರೈತರು, ಹೊಲದ ಹಾದಿಯಲ್ಲಿ ಓಡಾಡುವವರು ಇವರಿಗೆ ಹಿಂಚಾಲನೆ ಹಿತ. ಹೇರು ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಬಸ್ಸು, ಲಾರಿಗಳ ರಚನೆ ಹಾಗಿರುವುದು ಇದಕ್ಕಾಗಿಯೇ. ಆದರೆ ಅದೇ ಗಾಡಿ ಹೇರನ್ನು ಇಳಿಸಿ ಖಾಲಿಯಾಗಿ ಮರಳುವಾಗ, ಮಳೆ ಬಿದ್ದಿದ್ದರೆ, ಚಾಲಕನು ಇಮ್ಮಡಿ ಎಚ್ಚರದಿಂದಿರಬೇಕು. ಬೆಳಿಗ್ಗೆ ಇದ್ದ ಹಿಡಿತ ಸಂಜೆ ಇರುವುದಿಲ್ಲ.

ಯಾವ ಕಾರಾದರೂ ಸರಿ, ಕೊಂಡ ದಿನವೇ ಅದು ಯಾವ ಗಾಲಿಗಳಿಂದ ನಡೆಯುತ್ತದೆಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಇಲ್ಲವೆ ಬಗ್ಗಿ, ಹಿಂದಿನ ಅಚ್ಚಿನ ನಡುವೆ ದುಂಡನೆಯ ಉಬ್ಬೂ ಅದಕ್ಕೆ ಸೇರುವ ದಂಡವೂ ಇವೆಯೇ ಎಂದು ನೋಡಬೇಕು. ಸಿಕ್ಕಿಬಿದ್ದಾಗ ಹಿಂದಿನವರು ಇಳಿಯಬೇಕೊ ಕುಳಿತಿರಬೇಕೊ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ. ಅಂದು ನಾವು ಕಳೆದುಕೊಂಡುದು ಅರ್ಧ ಗಂಟೆ. ದೊಡ್ಡಪ್ಪನವರು ಸಕಾಲಕ್ಕೆ ಆಸ್ಪತ್ರೆ ಸೇರಿ ಗುಣಮುಖರಾದರು. ಆದರೆ ಉಸಿರಿಗಾಗಿ ಹೋರಾಡುವವರಿಗೆ ಅರ್ಧ ಗಂಟೆ ಎಂಬುದು ಸಣ್ಣ ಕಾಲವಲ್ಲ. ಪುಸ್ತಕದಲ್ಲಿ ಓದಿದ ನಿಯಮವನ್ನು ದಾರಿಯಲ್ಲಿ ನೆನೆಯಲಾರದವನ ಓದು, ಹೇರು ತಪ್ಪಿದ ಬಂಡಿಯಂತೆ ಎಂಬುದನ್ನು ಆ ಹಿರಿಯರು ಒಂದು ಮಾತೂ ಬಯ್ಯದೆ ನಮಗೆ ಕಲಿಸಿದರು.

ಅಭ್ಯಾಸಕ್ಕೆ

ಒಂದು ಪ್ರಯೋಗ: ಉದ್ದನೆಯ ಹಲಗೆಯ ಮೇಲೆ ಇಟ್ಟಿಗೆಯೊಂದನ್ನು ಇರಿಸಿ, ಅದರ ಅಡಿಗೆ ಹಳೆಯ ಟೈರಿನ ತುಂಡನ್ನು ಕಟ್ಟಿರಿ. ಹಲಗೆಯ ಒಂದು ತುದಿಯನ್ನು ಮೆಲ್ಲಮೆಲ್ಲನೆ ಎತ್ತಿರಿ. ಇಟ್ಟಿಗೆ ಜಾರತೊಡಗುವ ಕ್ಷಣದಲ್ಲಿ ಆ ತುದಿಯ ಎತ್ತರವನ್ನೂ, ನೆಲದ ಮೇಲೆ ಅಳೆದ ಅಡ್ಡ ದೂರವನ್ನೂ ಗುರುತಿಸಿಕೊಳ್ಳಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣ ಗುಣಾಂಕ. ಹಲಗೆ ಒಣಗಿದ್ದಾಗ ಒಮ್ಮೆ, ತೊಯ್ದ ಎರೆಮಣ್ಣನ್ನು ಸವರಿ ಒಮ್ಮೆ, ಹೆಸರುಕಾಳನ್ನು ಹರವಿ ಒಮ್ಮೆ ಮಾಡಿ, ಮೂರು ಅಂಕಿಗಳನ್ನು ಹೋಲಿಸಿರಿ.

1. ಮೇಲಿನ ಕೆಸರಿನ ಲೆಕ್ಕದಲ್ಲಿ ಗುಣಾಂಕ 0.2ರ ಬದಲು 0.25 ಇದ್ದರೆ, ತುಂಬಿದ ಮುಂಚಾಲನೆಯ ಕಾರು ಹೊರಡುವುದೇ?

2. ಚಾಲಕನೊಬ್ಬನೇ ಇರುವ ಹಿಂಚಾಲನೆಯ ಕಾರಿನ ಹಿಂದಿನ ಅಚ್ಚಿನ ನೇರಕ್ಕೆ 50 ಕಿಲೋಗ್ರಾಮಿನ ಒಂದು ಮರಳಿನ ಚೀಲವನ್ನಿರಿಸಿದೆ. ಗುಣಾಂಕ 0.2. ಕಾರು ಕೆಸರಿನಿಂದ ಹೊರಬರುವುದೇ?

3. ಟೈರಿನ ಒಟ್ಟು ಹಿಡಿತ 5 ಇದ್ದು, ಮುಂದೆ ತಳ್ಳಲು 4.8 ಬಳಕೆಯಾದರೆ ಪಕ್ಕಕ್ಕೆ ಉಳಿಯುವುದೆಷ್ಟು?

ಉತ್ತರಗಳು: 1. ಹೊರಡುವುದು, ಹಿಡಿತ 150, ತಡೆ 125. 2. ಕಷ್ಟದಿಂದ ಹೊರಬರುವುದು, ಹಿಡಿತ 106, ತಡೆ 105. 3. ಕೇವಲ 1.4.